ಚೀಟಿ–ಬಿಲ್ಲು ಅಂತರ ಮೀಮಾಂಸೆ

ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿ ಪ್ರತಿ ತಿಂಗಳ ಮೊದಲ ವಾರ ಎರಡು ಲಿಖಿತ ದಾಖಲೆಗಳು ಹುಟ್ಟುತ್ತವೆ. ಮೊದಲನೆಯದು ಅಡುಗೆಮನೆಯಲ್ಲಿ, ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಅಲುಗಾಡಿಸಿ ನೋಡಿದ ಮೇಲೆ, ಕೈಬರಹದಲ್ಲಿ ಸಿದ್ಧವಾಗುವ ಸಾಮಾನಿನ ಪಟ್ಟಿ. ಇದಕ್ಕೆ ‘ಚೀಟಿ’ ಎಂದು ಹೆಸರು. ಎರಡನೆಯದು ಅಂಗಡಿಯಲ್ಲಿ, ಯಂತ್ರದ ಬಾಯಿಂದ ಉದ್ದವಾಗಿ ಹೊರಬಂದು, ಮನೆ ಸೇರುವಷ್ಟರಲ್ಲಿ ಸುರುಳಿ ಸುತ್ತಿಕೊಂಡು, ಕೆಲವೇ ತಿಂಗಳಲ್ಲಿ ಅಕ್ಷರವೆಲ್ಲ ಮಾಸಿ ಬೆಳ್ಳಗಾಗುವ ಕಾಗದ; ಇದು ‘ಬಿಲ್ಲು’. ಚೀಟಿ ಬರೆಯುವಾಗ ಮನಸ್ಸಿನಲ್ಲಿದ್ದ ಮೊತ್ತಕ್ಕೂ ಬಿಲ್ಲಿನ ತುದಿಯಲ್ಲಿ ಕಾಣುವ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಈ ಪ್ರಬಂಧದಲ್ಲಿ ‘ಅಂತರ’ ಎಂಬ ಪಾರಿಭಾಷಿಕ ಪದದಿಂದ ಸೂಚಿಸಲಾಗಿದೆ. ಬಿಲ್ಲು ಅಂದಾಜಿಗಿಂತ ಕಡಿಮೆಯಾದ ನಿದರ್ಶನಗಳು ಇಲ್ಲವೇ ಇಲ್ಲವೆಂದಲ್ಲ. ಆದರೆ ಅಂಥ ತಿಂಗಳಲ್ಲಿ ಯಾವುದೋ ಒಂದು ಸಾಮಾನು ಅಂಗಡಿಯಲ್ಲೇ ಉಳಿದುಹೋಗಿರುತ್ತದೆ, ಮತ್ತು ಆ ಸಂಗತಿ ಒಗ್ಗರಣೆಯ ಎಣ್ಣೆ ಕಾದು ಸಾಸಿವೆಗಾಗಿ ಕೈ ಚಾಚಿದ ಗಳಿಗೆಯಲ್ಲಿ ಬೆಳಕಿಗೆ ಬರುತ್ತದೆ.

ಚೀಟಿಯನ್ನು ಶಾಸನವನ್ನು ಓದುವಂತೆ ಓದುವುದು ಯುಕ್ತ. ಅದನ್ನು ಕೆತ್ತುವ ಶಿಲೆಯೆಂದರೆ ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿ ಅಥವಾ ಬಿಡಿಸಿದ ಲಗ್ನಪತ್ರಿಕೆಯ ಲಕೋಟೆ. ಅದರ ಭಾಷೆ ಸೂತ್ರಪ್ರಾಯ. ‘ತೊ.ಬೇ. 3, ಉ.ಬೇ. 1½, ಕ.ಬೇ. 1’ ಎಂಬ ಪಂಕ್ತಿಯಲ್ಲಿ ‘ಕ.ಬೇ.’ ಎಂದರೆ ಕಡಲೆಬೇಳೆಯೋ ಕರಿಬೇವೋ ಎಂಬ ಪ್ರಶ್ನೆ ಅಂಗಡಿಗೆ ಹೋದವನು ಫೋನು ಮಾಡಿ ಕೇಳಿದ ಹೊರತು ಬಗೆಹರಿಯುವುದಿಲ್ಲ, ಬಗೆಹರಿಯುವಾಗ ‘ಕರಿಬೇವನ್ನು ಯಾರಾದರೂ ಕೆ.ಜಿ. ಲೆಕ್ಕದಲ್ಲಿ ತರ್ತಾರೇನ್ರೀ’ ಎಂಬ ಭಾಷ್ಯವನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಹಳೆಯ ಶಾಸನಗಳು ಸ್ತುತಿಯಿಂದ ತೊಡಗುವಂತೆ ಚೀಟಿಯೂ ಮಂಗಳಾಚರಣೆಯಿಂದ, ಎಂದರೆ ಅರಿಶಿನದಿಂದ, ತೊಡಗುತ್ತದೆ. ಪಟ್ಟಿಯ ತಲೆಯಲ್ಲಿ ಅರಿಶಿನವಿರಬೇಕೆಂಬುದು ಹಿರಿಯರಿಂದ ಬಂದ ರೂಢಿ. ಮನೆಯಲ್ಲಿ ಅರಿಶಿನ ಇದೆಯೋ ಮುಗಿದಿದೆಯೋ ಎಂಬ ವಿಚಾರ ಇಲ್ಲಿ ಅಪ್ರಸ್ತುತ. ಹೀಗಾಗಿ ಬಜೆಟ್ಟಿನ ಮೊದಲ ಉಲ್ಲಂಘನೆ ಅದರ ಮೊದಲ ಸಾಲಿನಲ್ಲೇ, ಅದೂ ಶುಭದ ಹೆಸರಿನಲ್ಲಿ, ನಡೆದುಹೋಗುತ್ತದೆ. ಮತ್ತು ಶುಭದ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ದಿನಸಿಗೆ ಮಿತಿ ಹಾಕುವ ಯೋಚನೆ ಹೊಸದೇನೂ ಅಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರಾಧ್ಯಕ್ಷನಿಗೆ, ಅಂದರೆ ಉಗ್ರಾಣದ ಮೇಲ್ವಿಚಾರಕನಿಗೆ, ಒಂದು ಅಧ್ಯಾಯವೇ ಮೀಸಲಾಗಿದೆ. ಯಾವ ಧಾನ್ಯ ಕುಟ್ಟಿದರೆ ಎಷ್ಟು ಇಳಿಯುತ್ತದೆ, ಬೇಯಿಸಿದರೆ ಎಷ್ಟು ಅರಳುತ್ತದೆ ಎಂಬುದರಿಂದ ಹಿಡಿದು, ಗಣ್ಯನೊಬ್ಬನ ಒಂದು ಹೊತ್ತಿನ ಊಟಕ್ಕೆ ಒಂದು ಪ್ರಸ್ಥ ಅಕ್ಕಿ, ಅದರ ಕಾಲುಭಾಗ ಬೇಳೆ, ಬೇಳೆಯ ಕಾಲುಭಾಗ ತುಪ್ಪ ಅಥವಾ ಎಣ್ಣೆ ಎಂಬ ಪ್ರಮಾಣದವರೆಗೆ ಅಲ್ಲಿ ಎಲ್ಲವೂ ನಿಗದಿಯಾಗಿದೆ; ಪ್ರಸ್ಥವೆಂಬುದು ಆ ಕಾಲದ ಒಂದು ಅಳತೆ. ಹೆಂಗಸರಿಗೆ ಇದರಲ್ಲಿ ಕಾಲುಭಾಗ ಕಡಿಮೆ, ಮಕ್ಕಳಿಗೆ ಅರ್ಧ. ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದಿಳಿಯುವ ನೆಂಟರಿಗೆ ಎಷ್ಟು, ಸಂಜೆ ನಾಲ್ಕರ ಕುರುಕಲಿಗೆ ಎಷ್ಟು ಎಂಬ ವಿವರ ಆ ಪ್ರಮಾಣಗಳಲ್ಲಿ ಇಲ್ಲದಿರುವುದನ್ನು ನೋಡಿದರೆ, ಮೇಲ್ವಿಚಾರಕನು ಸಂಬಳದ ನೌಕರನೇ ಹೊರತು ಗೃಹಸ್ಥನಲ್ಲ ಎಂದು ಊಹಿಸಲು ಅವಕಾಶವಿದೆ. ಈಚಿನ ಪರಂಪರೆಯಲ್ಲಿ ಪ್ರಸ್ಥದ ಜಾಗವನ್ನು ಪಾವು, ಅಂದರೆ ಸೇರಿನ ಕಾಲುಭಾಗ, ಹಿಡಿಯಿತು. ದೇಶದಲ್ಲಿ ಮೆಟ್ರಿಕ್ ತೂಕಗಳು 1958ರಿಂದ ಜಾರಿಗೆ ಬಂದರೂ ಅಕ್ಕಿ ಡಬ್ಬಿಯೊಳಗೆ ಕುಳಿತಿರುವ ಪಾವಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಂಗಡಿಯಿಂದ ಕಿಲೋಗ್ರಾಮಿನಲ್ಲಿ ಬಂದ ಅಕ್ಕಿ ಕುಕ್ಕರಿಗೆ ಪಾವಿನಲ್ಲೇ ಇಳಿಯುತ್ತದೆ, ಮತ್ತು ಎರಡು ಮಾನಗಳ ನಡುವಿನ ಈ ಸಂಧಿಯಲ್ಲಿ ತಿಂಗಳಿಗೆ ಎಷ್ಟು ಅಕ್ಕಿ ಸೋರಿಹೋಗುತ್ತದೆಂಬುದನ್ನು ಯಾವ ಲೆಕ್ಕಪರಿಶೋಧಕನೂ ಹಿಡಿದಿಲ್ಲ.

ಪಾಶ್ಚಾತ್ಯರಲ್ಲಿ ಈ ಶಾಸ್ತ್ರದ ಮೂಲಪುರುಷ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್. (ಮಾರ್ಕ್ಸನ ಸ್ನೇಹಿತ ಎಂಗೆಲ್ಸ್ ಬೇರೆ, ಆತ ಬಂಡವಾಳವನ್ನು ಕುರಿತು ಚಿಂತಿಸಿದನು, ಈತ ಬೇಳೆಯನ್ನು ಕುರಿತು.) ಆದಾಯ ಏರಿದಂತೆ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ಈತ 1857ರಲ್ಲಿ ಸಾರಿದನು. ಭಾರತ ಸರ್ಕಾರದ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಹಳ್ಳಿಗಳಲ್ಲಿ ಶೇ. 47.04, ಪಟ್ಟಣಗಳಲ್ಲಿ ಶೇ. 39.68. ಆದರೆ ಅದೇ ಸಮೀಕ್ಷೆಯ ಒಳಮನೆಗೆ ಇಳಿದರೆ, ಆಹಾರದ ಬಾಬುಗಳಲ್ಲೆಲ್ಲ ಹೆಚ್ಚು ದುಡ್ಡು ಹೋಗಿರುವುದು ಅಕ್ಕಿಗಲ್ಲ, ಬೇಳೆಗಲ್ಲ, ‘ಪಾನೀಯ ಮತ್ತು ಸಂಸ್ಕರಿಸಿದ ಆಹಾರ’ ಎಂಬ ಬಾಬಿಗೆ. ಚೀಟಿಯಲ್ಲಿ ಈ ಹೆಸರಿನ ಸಾಲು ಎಂದೂ ಇರುವುದಿಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ‘ಇತರೆ’ ಎನ್ನುತ್ತಾರೆ.

ಅಂತರದ ಕಾರಣವನ್ನು ಕುರಿತ ಪಂಥಗಳಲ್ಲಿ ಅತ್ಯಂತ ಹಳೆಯದು ದರವಾದ. ‘ಎಲ್ಲಾ ದುಬಾರಿಯಾಗಿದೆ’ ಎಂಬುದು ಇದರ ಏಕೈಕ ಸೂತ್ರವಾಗಿದ್ದು, ಬಿಲ್ಲನ್ನು ಮನೆಗೆ ತಂದವರು ಹೊಸ್ತಿಲಲ್ಲೇ ಇದನ್ನು ಉಚ್ಚರಿಸುವುದು ವಾಡಿಕೆ. ದರವಾದಿಗಳು ಪ್ರಮಾಣವಾಗಿ ಮುಂದಿಡುವುದು 2023ರ ಜುಲೈಯನ್ನು. ಆ ತಿಂಗಳು ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತು, ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋಗೆ ನೂರು ಕೊಟ್ಟರೂ ಸಿಗದಾಯಿತು. ಆಗ ಗೃಹಿಣಿಯರು ಕೈಗೊಂಡ ಕ್ರಮ ಶಾಸ್ತ್ರಸಮ್ಮತವಾದದ್ದು: ಟೊಮೆಟೊ ಅಮೆರಿಕ ಖಂಡದಿಂದ ಬಂದ ಹೊಸಬ, ಅದು ಬರುವುದಕ್ಕೆ ಮೊದಲೂ ಈ ನಾಡಿನಲ್ಲಿ ಸಾರು ಕುದಿಯುತ್ತಿತ್ತು ಎಂಬ ಐತಿಹಾಸಿಕ ಸತ್ಯವನ್ನು ಮನಗಂಡು ಹುಣಸೆಹಣ್ಣಿಗೆ ಮರಳಿದರು. ಆದರೆ ಹುಣಸೆಹಣ್ಣಿನ ಹುಳಿಗೆ ಬೆಲ್ಲ ಬೇಕು, ಬೆಲ್ಲ ಬಿದ್ದ ಸಾರಿಗೆ ಖಾರ ಒಂದು ಕೈ ಮುಂದಿರಬೇಕು, ಖಾರದ ಸಾರಿಗೆ ಹಪ್ಪಳ ಬೇಕು, ಹಪ್ಪಳಕ್ಕೆ ಎಣ್ಣೆ ಬೇಕು. ಹೀಗೆ ಒಂದು ಬಾಬಿನಲ್ಲಿ ಉಳಿದದ್ದು ಇನ್ನು ನಾಲ್ಕರಲ್ಲಿ ಹಂಚಿಹೋಗುವ ವಿದ್ಯಮಾನವನ್ನು ‘ಉಳಿತಾಯದ ಸಂಸಾರಬಂಧ’ ಎನ್ನಬಹುದು. ಕೆಲವೇ ವಾರಗಳಲ್ಲಿ ಟೊಮೆಟೊ ದರ ನೆಲಕಚ್ಚಿದಾಗ ಟೊಮೆಟೊ ಮನೆಗೆ ಮರಳಿತು. ಅಭ್ಯಾಸವಾಗಿದ್ದ ಹಪ್ಪಳ ಮಾತ್ರ ಮನೆ ಬಿಡಲಿಲ್ಲ.

ಎರಡನೆಯ ಪಂಥ ಅಳತೆವಾದ. ಇದನ್ನು ತಿಳಿಯಬೇಕಾದರೆ ‘ಕೊಸರು’ ಎಂಬ ಪರಿಕಲ್ಪನೆಯನ್ನು ಮೊದಲು ಅರಿಯಬೇಕು. ತೂಕ ಮುಗಿದ ಮೇಲೆ, ದುಡ್ಡು ಕೈಬದಲಾಗುವ ಮೊದಲು, ಮಾರುವವಳು ತಾನಾಗಿ ಚೀಲಕ್ಕೆ ಎಸೆಯುವ ಎರಡು ಹಸಿಮೆಣಸಿನಕಾಯಿ, ಒಂದೆಳೆ ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಸೊಪ್ಪು—ಇದು ಕೊಸರು. ಇದಕ್ಕೆ ಬೆಲೆಯಿಲ್ಲ, ಕೇಳಿ ಪಡೆದರೆ ರುಚಿಯೂ ಇಲ್ಲ. ಕೊಸರಿನ ಇತಿಹಾಸದಲ್ಲಿ 2024ರ ಜೂನ್ ತಿಂಗಳು ಒಂದು ಘಟ್ಟ. ಕರ್ನಾಟಕ ಹಾಲು ಮಹಾಮಂಡಳವು ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲನ್ನು ಹೆಚ್ಚಾಗಿ ತುಂಬಿ, ಆ ಹೆಚ್ಚಳಕ್ಕೆ 2 ರೂಪಾಯಿ ನಿಗದಿ ಮಾಡಿತು. ನೀಲಿ ಪ್ಯಾಕೆಟ್ಟಿನ ಲೀಟರು 42 ರೂಪಾಯಿಯಿಂದ 44ಕ್ಕೆ ಏರಿ 1050 ಮಿಲಿಲೀಟರ್ ಆಯಿತು. ಲೆಕ್ಕಹಾಕಿದರೆ ಇದು ಬೆಲೆಯೇರಿಕೆಯಲ್ಲ, ಹಾಲಿನೇರಿಕೆ; ಗ್ರಾಹಕರು ಕೇಳದ ಹಾಲನ್ನು ಸರಿಯಾದ ಬೆಲೆಗೆ ಕೊಂಡರು ಎಂಬುದಷ್ಟೇ ವಿಷಯ. 2025ರ ಏಪ್ರಿಲ್ 1ರಂದು ಈ 50 ಮಿಲಿಲೀಟರ್ ಬಂದ ದಾರಿಯಲ್ಲೇ ಹಿಂದೆ ಹೋಯಿತು, ಪ್ಯಾಕೆಟ್ಟು ಮತ್ತೆ ಒಂದು ಲೀಟರಾಯಿತು, ಬೆಲೆ 46 ರೂಪಾಯಿ ಆಯಿತು. ಕೊಸರನ್ನು ಮಾರಿದ್ದು, ಮಾರಿದ ಕೊಸರನ್ನು ಹಿಂತೆಗೆದುಕೊಂಡದ್ದು, ಹಿಂತೆಗೆದುಕೊಂಡ ಮೇಲೂ ಬೆಲೆ ಏರಿದ್ದು—ಇವು ಮೂರೂ ಒಂದು ವರ್ಷದೊಳಗೆ ನಡೆದದ್ದರಿಂದ ಕೊಸರಿನ ವ್ಯಾಕರಣವನ್ನು ತಿದ್ದಿ ಬರೆಯಬೇಕಾಗಿ ಬಂದಿದೆ. ಹೈನುಗಾರರಿಗೆ ನಾಲ್ಕು ಕಾಸು ಹೆಚ್ಚು ಸಿಗಲೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಇಲ್ಲಿ ಚರ್ಚೆ ಇರುವುದು ಆ 50 ಮಿಲಿಲೀಟರಿನ ನೆಚ್ಚಿಕೆಯ ಮೇಲೆ ಹೆಪ್ಪು ಹಾಕುವ ಪಾತ್ರೆಯನ್ನು ಒಂದು ಸುತ್ತು ದೊಡ್ಡದು ಮಾಡಿಕೊಂಡವರ ಬಗ್ಗೆ.

ಅಳತೆವಾದದ ಇನ್ನೊಂದು ಪುರಾವೆ ಅಕ್ಕಿಯ ಮೂಟೆ. 2022ರ ಜುಲೈ 18ರಿಂದ ಪ್ಯಾಕು ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಹಿಟ್ಟು, ಬೇಳೆಗಳ ಮೇಲೆ 25 ಕೆ.ಜಿ.ವರೆಗೆ ಶೇ. 5ರ ಜಿಎಸ್‌ಟಿ ಬಂದಾಗ, ಮಾರುಕಟ್ಟೆಯಲ್ಲಿ 26 ಕೆ.ಜಿ.ಯ ಮೂಟೆಗಳು ಕಾಣಿಸಿಕೊಂಡವು. ತೆರಿಗೆಯನ್ನು ಒಂದು ಕೆ.ಜಿ. ಅಕ್ಕಿಯಿಂದ ಸೋಲಿಸಿದ ಈ ಮೂಟೆ ಭಾರತೀಯ ಗಣಿತಕ್ಕೆ ಸಂದ ಕಾಣಿಕೆಯೇ ಸರಿ. ಬಿಸ್ಕತ್ತಿನ ವಿಚಾರದಲ್ಲಿ ದಿಕ್ಕು ತಿರುವುಮುರುವು: ಅಲ್ಲಿ ಬೆಲೆ ಸ್ಥಿರ, ಪೊಟ್ಟಣ ಸ್ಥಿರ, ಒಳಗಿನ ಬಿಸ್ಕತ್ತು ಮಾತ್ರ ಸಾಧಕನಂತೆ ದಿನೇದಿನೇ ಕೃಶವಾಗುತ್ತ ಹೋಗುತ್ತದೆ. ಗ್ರಾಮೊಂದಕ್ಕೆ ಎಷ್ಟು ಬಿತ್ತೆಂಬ ಬಿಡಿದರವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮವೇನೋ ಇದೆ. ಅದನ್ನು ಓದಬಲ್ಲ ಕಣ್ಣುಳ್ಳವರು ಮನೆಯ ಮಕ್ಕಳು, ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ.

ಮೂರನೆಯ ಪಂಥವಾದ ಅಂಗಡಿವಾದವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಶೆಟ್ಟರ ಅಂಗಡಿಯಲ್ಲಿ ಕಟ್ಟೆಯ ಆಚೆ ಸಾಮಾನು, ಈಚೆ ಗಿರಾಕಿ, ನಡುವೆ ಚೀಟಿ. ಬರೆಯದ ವಸ್ತು ಕಣ್ಣಿಗೇ ಬೀಳುತ್ತಿರಲಿಲ್ಲ, ಬಿದ್ದರೂ ‘ಅದು ಹೋದ ತಿಂಗಳದ್ದೇ ಇರಬೇಕಲ್ಲಮ್ಮ’ ಎಂದು ಶೆಟ್ಟರೇ ತಡೆಯುತ್ತಿದ್ದುದುಂಟು, ಯಾಕೆಂದರೆ ಉದ್ರಿ ಪುಸ್ತಕದಲ್ಲಿ ಮನೆಯ ಶಕ್ತಿ ಎಷ್ಟೆಂಬುದು ಅವರಿಗೆ ಗೊತ್ತಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಕಟ್ಟೆ ಹೋಗಿ ತಳ್ಳುಗಾಡಿ ಬಂದಿದೆ, ಮತ್ತು ಖಾಲಿ ಗಾಡಿಯನ್ನು ತಳ್ಳುವುದು ಮನುಷ್ಯನಿಗೆ ಸಂಕೋಚದ ಸಂಗತಿ. ಬಿಲ್ಲಿನ ಕೊನೆಯಲ್ಲಿ ‘ಇಂದು ನೀವು ಉಳಿಸಿದ್ದು’ ಎಂದು ಒಂದು ಮೊತ್ತ ಅಚ್ಚಾಗಿರುತ್ತದೆ. ಈ ಉಳಿತಾಯ ಜೇಬಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸಾಸಿವೆ ಡಬ್ಬಿಯಲ್ಲಾಗಲಿ ಕಂಡುಬರುವುದಿಲ್ಲವಾದ್ದರಿಂದ ವೇದಾಂತಿಗಳ ಮೊಲದ ಕೊಂಬಿನ ಸಾಲಿಗೆ ಸೇರಿಸುವುದು ಸೂಕ್ತ. ಮೊಬೈಲಿನಲ್ಲಿ ತರಿಸುವವರು ಸಾಗಣೆಯ ಶುಲ್ಕ ತಪ್ಪಿಸಲು ಇನ್ನೊಂದಿಷ್ಟು ರೂಪಾಯಿಯ ಸಾಮಾನು ಸೇರಿಸುತ್ತಾರೆ. ಹೀಗೆ ಸೇರುವುದು ಪ್ರಾಯಶಃ ಚಾಕೊಲೇಟು.

ಇನ್ನು ಅಂತರವನ್ನು ತುಂಬುವ ಬಗೆ. ಪಾಕಶಾಸ್ತ್ರದ ಮಟ್ಟದಲ್ಲಿ ಇದಕ್ಕೆ ಸಿದ್ಧ ಉಪಾಯಗಳಿವೆ: ಸಾರಿಗೆ ನೀರು, ಹುಳಿಗೆ ಸೋರೆಕಾಯಿ, ಚಟ್ನಿಗೆ ಕಾಯಿಯ ಜೊತೆ ಹುರಿಗಡಲೆ. ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಕಾಫಿಪುಡಿಯ ಉಪಾಯ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ಕಾಫಿಪುಡಿಯನ್ನು ಚೀಟಿಯಿಂದ ತೆಗೆಯುವ ಮಾತನ್ನು ಯಾವ ಮನೆಯೂ ಸಹಿಸದು; ಆದ್ದರಿಂದ ಪುಡಿಮಾಡಿ ಕೊಡುವ ಅಂಗಡಿಯಲ್ಲಿ ಗೃಹಿಣಿಯು ತೂಕವನ್ನು ಹಾಗೇ ಇರಿಸಿ, ಚಿಕೋರಿಯ ಪಾಲನ್ನು ಮಾತ್ರ 20ರಿಂದ 30ಕ್ಕೆ, ಮುಂದೊಂದು ತಿಂಗಳು 40ಕ್ಕೆ ಏರಿಸುತ್ತಾಳೆ. ಲೋಟದಲ್ಲಿ ಬಣ್ಣ ಗಾಢವಾಗುತ್ತದೆ, ‘ಈ ಸಲ ಡಿಕಾಕ್ಷನ್ ಗಟ್ಟಿಯಾಗಿದೆ’ ಎಂಬ ಪ್ರಶಂಸೆಯೂ ದೊರೆಯುತ್ತದೆ. ಆಹಾರ ಕಾನೂನು ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇ. 49ನ್ನು ಮೀರಬಾರದೆಂದು ವಿಧಿಸಿರುವುದರಿಂದ, ದಾಂಪತ್ಯದಲ್ಲಿ ಎಷ್ಟು ಮುಚ್ಚಿಡಬಹುದೆಂಬುದಕ್ಕೆ ಶಾಸನಬದ್ಧ ಮಿತಿಯಿರುವ ಏಕೈಕ ಕ್ಷೇತ್ರ ಇದಾಗಿದೆ.

ಆದರೆ ನೀರು, ಸೋರೆಕಾಯಿ, ಚಿಕೋರಿಗಳೆಲ್ಲ ಸೇರಿದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. ಮಿಕ್ಕಿದ್ದು ಎಲ್ಲಿ ಸರಿಹೋಗುತ್ತದೆಂಬುದನ್ನು ಮೂರು ಪಂಥದವರೂ ವಿಚಾರಿಸಿಲ್ಲ, ಏಕೆಂದರೆ ಅವರೆಲ್ಲ ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಕೈತೊಳೆದಿರುತ್ತಾರೆ. ಕೊನೆಯಲ್ಲಿ ಕೂರುವವಳ ತಟ್ಟೆಗೆ ಬರುವುದು ತಳದ ದೋಸೆ, ಹೋಳು ಮುಗಿದ ಹುಳಿ, ನಿನ್ನೆಯ ಅನ್ನದ ಚಿತ್ರಾನ್ನ. ಕೌಟಿಲ್ಯನು ಗೊತ್ತುಮಾಡಿದ ಮುಕ್ಕಾಲು ಪಾಲು ಇದಕ್ಕೆ ಹೋಲಿಸಿದರೆ ಉದಾರವಾದದ್ದು. ಚೀಟಿಯ ಹಸ್ತಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ರಕ್ತ ಕಡಿಮೆಯಿದೆಯೆಂದು ಡಾಕ್ಟರು ಹೇಳಿದ ‘ಖರ್ಜೂರ ¼’ ಎಂಬ ಸಾಲು ಅಡ್ಡಗೀಟಿನ ಕೆಳಗೆ ಇನ್ನೂ ಓದಲು ಬರುತ್ತದೆ. ಬರೆದ ಪೆನ್ನು, ಹೊಡೆದುಹಾಕಿದ ಪೆನ್ನು ಎರಡೂ ಒಂದೇ. ಅದೇ ಪೆನ್ನಿನಿಂದ ಮುಂದಿನ ತಿಂಗಳ ಚೀಟಿಯ ಮೊದಲ ಸಾಲೂ ಬಿದ್ದಿದೆ: ‘ಅರಿಶಿನ 100 ಗ್ರಾಂ’. ಅರಿಶಿನದ ಡಬ್ಬಿ ತುಂಬಿದೆ.