ಬೆಕ್ಕಿನ ಕೂದಲ ಮೀಸಿ

ಸುರಪುರ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿ. ಶಹಾಪುರದಿಂದ ರಜೆಗೆ ಬಂದ ಅಳಿಯ ಅಂಗಡಿಯ ಕಂಪ್ಯೂಟರಿನಲ್ಲಿ ‘ಗೇಬ್ರಿಯಲ್ ನೈಟ್’ ಸರಣಿಯ ಮೂರನೇ ಆಟ ಹಚ್ಚಿ ಕುಳಿತಿದ್ದ. 1999ರದು. ಗಿರಾಕಿ ಇಲ್ಲದ ಮಾಮಾ ಹಿಂದೆ ನಿಂತು ನೋಡುತ್ತಿದ್ದರು.

“ಏನ್ ಮಾಡ್ಲತ್ತಾನ ಅಂವ?”

“ಬೆಕ್ಕಿನ ಕೂದಲ ಕೀಳಲತ್ತಾನ ಮಾಮಾ. ಮೀಸಿ ಮಾಡ್ಲಾಕ. ಬಾಡಿಗಿ ಬೈಕು ಗೆಳೆಯನ ಹೆಸರಿನ್ಯಾಗ ಅದ. ಗೆಳೆಯನ ವೇಷ ಹಾಕಿದ್ರ ಸಿಗ್ತದ.”

“ಗೆಳೆಯಗ ಮೀಸಿ ಅದ ಏನು?”

“ಇಲ್ಲ.”

“ಮತ್ತ?”

“ಅವನ ಪಾಸ್‌ಪೋರ್ಟ್ ಫೋಟೋಕ್ಕೂ ಪೆನ್ನಿಲೇ ಮೀಸಿ ಬರೀಬೇಕು.”

ಮಾಮಾ ಸುಮ್ಮನೆ ಸ್ಟೂಲಿನ ಮೇಲೆ ಕುಳಿತರು.

ಈ ಮೀಸೆ ಸಾಮಾನ್ಯದ್ದಲ್ಲ. ಎರಿಕ್ ವುಲ್ಪಾ ಎಂಬ ವಿಮರ್ಶಕ 2000ದಲ್ಲಿ ಇದನ್ನೇ ಮುಂದಿಟ್ಟು, ಸಾಹಸದ ಆಟಗಳನ್ನು ಯಾರೂ ಕೊಂದಿಲ್ಲ, ಅವೇ ಆತ್ಮಹತ್ಯೆ ಮಾಡಿಕೊಂಡವು ಎಂದು ಬರೆದ. ಕತೆ ಒಂದು ಕಡೆ, ಆಡುವವನ ಕೈಗೆ ಕೊಟ್ಟ ಕೆಲಸ ಇನ್ನೊಂದು ಕಡೆ. ತಮಾಷೆ ಎಂದರೆ, 2007ರಲ್ಲಿ ‘ಪೋರ್ಟಲ್’ ಆಟಕ್ಕೆ ಮಾತು ಬರೆದವರಲ್ಲಿ ಅವನೂ ಒಬ್ಬ. ಅಲ್ಲಿ ಒಗಟು ಬಿಡಿಸುತ್ತ ಹೋದಂತೆಯೇ ಕತೆಯೂ ಬಿಚ್ಚಿಕೊಳ್ಳುತ್ತದೆ.

“ಹಂಗಾದ್ರ ನಮ್ಮೂರ ಕತಿದು ಒಂದು ಆಟ ಮಾಡು,” ಮಾಮಾ ಎದ್ದು ನಿಂತರು. “ರಾಜಾ ವೆಂಕಟಪ್ಪ ನಾಯಕಂದು!”

“ಆಡವ ಗೆದ್ರ ಇತಿಹಾಸ ಸುಳ್ಳಾಗ್ತದ. ಸೋತ್ರ ರೊಕ್ಕ ವಾಪಸ್ ಕೇಳ್ತಾನ.”

ಹುಡುಗ ಹೇಳಿದ್ದರಲ್ಲಿ ಹುರುಳಿತ್ತು. ರಾಜ ಬಾಲಕನಾಗಿದ್ದಾಗ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್, ಇವನು 24ನೇ ವರ್ಷದಲ್ಲಿ ಸಾಯುತ್ತಾನೆಂದು ಜಾತಕದಲ್ಲಿತ್ತು ಎಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ ರಾಜ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿಗೆ ಸತ್ತ. ಜಾತಕವೇ ಬರೆದಿಟ್ಟ ಕತೆಯಲ್ಲಿ ಆಡುವವನಿಗೆ ಉಳಿದ ಕೆಲಸವೇನು?

“ವಾಗಣಗೇರಾ ಕೋಟಿ ಮಾಡು,” ಚಹಾ ತಂದ ಅತ್ತೆ ಅಂದರು. ಅವರ ತವರು ಅದು.

1705. ಔರಂಗಜೇಬ ಖುದ್ದಾಗಿ ನಿಂತು ಮುತ್ತಿದ ಕೊನೆಯ ಕೋಟೆ. ಒಳಗಿದ್ದ ಪಿಡ್ಡ ನಾಯಕ ಸಂಧಾನದ ಮಾತಾಡುತ್ತ ದಿನ ದೂಡಿದ. ಅಷ್ಟರಲ್ಲಿ ಮರಾಠರ ದಂಡು ಬಂತು. ಕಡೆಗೆ ಒಂದು ರಾತ್ರಿ ಮಂದಿ ಸಮೇತ ಪಾರಾದ. ಬಾದಶಹನಿಗೆ ದಕ್ಕಿದ್ದು ಖಾಲಿ ಕೋಟೆ.

“ಸಂಧಾನ ಅಂದ್ರ ಹ್ಯಾಂಗ ಆಡೂದು ಅತ್ತಿ?”

“ನಿಮ್ಮ ಮಾಮಾ ಸಾಲ ಕೊಟ್ಟವರಿಗಿ ‘ನಾಳಿಗಿ ಬರ್ರಿ’ ಅಂತಾರಲ್ಲ, ಹಂಗ.”

ಅಳಿಯ ನೋಟ್‌ಬುಕ್ ತೆಗೆದ. ಯಾವ ಸುಳ್ಳು ಎಷ್ಟು ದಿನ ತಡೆಯುತ್ತದೆ, ಯಾವ ಬಾಗಿಲಿನಿಂದ ಯಾರು ಮೊದಲು ಹೊರಡಬೇಕು. ಬೆಕ್ಕು ಹಿಡಿಯುವ ಪ್ರಸಂಗವೇ ಬರಲಿಲ್ಲ. ಒಗಟೆಲ್ಲ ಕತೆಯ ಒಳಗೇ ಇತ್ತು.

“ಇದ್ರಾಗ ನನ್ನ ಧ್ವನಿ ಯಾರಿಗಿ ಕೊಡ್ತಿ?” ಹರೆಯದಲ್ಲಿ ದೊಡ್ಡಾಟದ ಪಾತ್ರ ಮಾಡಿದ್ದ ಮಾಮಾ ಗಂಟಲು ಸರಿಮಾಡಿಕೊಂಡರು.

“ಔರಂಗಜೇಬಗ.”

“ಮಾತು ಎಷ್ಟವ ಅವಂಗ?”

“ಭಾಳ ಅವ ಮಾಮಾ. ಆಡವ್ರು ಸ್ಕಿಪ್ ಒತ್ತಿದ್ರ ಒಂದೂ ಇಲ್ಲ.”