ಮುಯ್ಯಿಗೆ ಕತ್ತರಿಯಿಲ್ಲ

ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ಗೊಂಬೆ ಅಂಗಡಿ ಇಟ್ಟವನಿಗೆ 2023ರಿಂದೀಚೆಗೆ ಬಿಡುವು ಜಾಸ್ತಿ. ಆ ವರ್ಷದ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿನ ಕಾರುಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬೈಪಾಸಿನಲ್ಲೇ ದಾಟಿ ಒಂದೇ ಉಸಿರಿಗೆ ಮೈಸೂರು ಸೇರತೊಡಗಿದವು. ತಟ್ಟೆ ಇಡ್ಲಿ, ಗೊಂಬೆ, ಮದ್ದೂರು ವಡೆ ಮೂರಕ್ಕೂ ಒಂದೇ ಕಾಯಿಲೆ ಹಿಡಿಯಿತು. ಆಗಸ್ಟಿನಲ್ಲಿ ಬೈಕು, ಆಟೋಗಳಿಗೆ ಆ ರಸ್ತೆ ಬಂದ್ ಆಯಿತಲ್ಲ, ಅವೆಲ್ಲ ನಮ್ಮ ಪಾಲಿಗೆ ಉಳಿದವು. ಸಂತೋಷವೇ. ಆದರೆ ಮುಂದೆ ಮಗು, ಹಿಂದೆ ಹೆಂಡತಿ, ಮಧ್ಯೆ ಬ್ಯಾಗು ಇಟ್ಟುಕೊಂಡು ಬೈಕಿನಲ್ಲಿ ಬಂದವನಿಗೆ ಮರದ ಕುದುರೆ ಮಾರುವುದು ಹೇಗೆ? ಅವನು ಒಂದು ಬುಗುರಿ ಕೊಳ್ಳುತ್ತಾನೆ. ಬುಗುರಿ ತಿರುಗುತ್ತದೆ, ಅದರ ಲಾಭದಲ್ಲಿ ಅಂಗಡಿ ಬಾಡಿಗೆ ತಿರುಗುವುದಿಲ್ಲ.

ಹೀಗಾಗಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕಂಪ್ಯೂಟರ್ ಬಂದು ಕೂತಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸ್ಟುಡಿಯೋದವರು ಮದುವೆ, ನಾಮಕರಣ, ಗೃಹಪ್ರವೇಶಗಳನ್ನು ಶೂಟ್ ಮಾಡಿ ಮೆಮೊರಿ ಕಾರ್ಡು ತಂದುಕೊಡುತ್ತಾರೆ. ನಾನು ಎಡಿಟ್ ಮಾಡುತ್ತೇನೆ. ಬಾಡಿಗೆ ಕಟ್ಟುವುದು ಈ ಕಸುಬು, ಮರ್ಯಾದೆ ಉಳಿಸುವುದು ಆ ಕಸುಬು. ಹೆಣ್ಣಿನ ಕಡೆಯವರು ಬಂದಾಗ ನಮ್ಮವ್ವ "ಗೊಂಬೆ ಅಂಗಡಿ ಐತೆ" ಎಂದಷ್ಟೇ ಹೇಳಿ ಕಾಫಿ ತರಲು ಎದ್ದುಬಿಟ್ಟಳು. ಇನ್ನೊಂದರ ಬಗ್ಗೆ ಪಕ್ಕದ ಅಂಗಡಿಯವರ ಅಭಿಪ್ರಾಯ ಇಷ್ಟು: "ಪಾಪ, ಯಾಪಾರ ಇಲ್ಲ. ಬೆಳಗಿಂದ ಕುಂತ್ಕಂಡು ಯಾರ್ದೋ ಮದ್ವೆ ನೋಡ್ತಾವ್ನೆ."

ಎರಡು ಕಸುಬೂ ಒಂದೇ ಮೇಜಿನ ಮೇಲೆ ನಡೆಯಬೇಕು. ಮೊನ್ನೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತಾಳಿಯ ಗಂಟು ಬೀಳುವ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ಕೂರಿಸುತ್ತಿದ್ದೆ. ವಾಲಗದ ನಡುವೆ ಎಲ್ಲಿಂದಲೋ ಗಲಗಲ ಸದ್ದು. ಒಂದೊಂದೇ ಆಡಿಯೋ ಟ್ರ್ಯಾಕ್ ಮುಚ್ಚಿ ನೋಡಿದೆ, ಹೋಗಲಿಲ್ಲ. ಎಲ್ಲವನ್ನೂ ಮುಚ್ಚಿದೆ, ಆಗಲೂ ಹೋಗಲಿಲ್ಲ. ತಲೆಯೆತ್ತಿದರೆ ಎದುರಿಗೆ ಅಮ್ಮನ ಕಂಕುಳಲ್ಲಿ ಒಂದು ಕೂಸು ನಮ್ಮ ಅಂಗಡಿಯದೇ ಗಿಲಕಿ ಆಡಿಸುತ್ತಿತ್ತು. "ಇದು ಪ್ಲಾಸ್ಟಿಕ್ಕಾ?" ಎಂದರು ಆಯಮ್ಮ. ಅಲ್ಲಕ್ಕ, ಆಲೆ ಮರ. ಲೇತಿನಲ್ಲಿ ಮರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸುತ್ತಾರೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಆನ್‌ಲೈನಲ್ಲಿ ಇನ್ನೂ ಕಮ್ಮಿಗೆ ಬರುತ್ತೆ" ಎಂದು ಕೂಸಿನ ಕೈಯಿಂದ ಗಿಲಕಿ ಬಿಡಿಸಿದರು. ಕೂಸು ಅಳತೊಡಗಿತು. ಆ ಅಳುವೊಂದೇ ನನ್ನ ಪರ ವಾದಿಸಿ ಗೆದ್ದಿತು.

ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸುವುದು ಎಂದು ಕಲಿಸಿಕೊಡುತ್ತಾರೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬೇಡದ್ದು ಅಂತ ಏನೂ ಇಲ್ಲ. ಮದುಮಕ್ಕಳಿಗೇನೋ ಮೂರು ನಿಮಿಷದ ರೀಲ್ಸ್ ಸಾಕು: ಸಾವನದುರ್ಗದ ಬಂಡೆ, ಮಂಚನಬೆಲೆಯ ನೀರು, ನಿಧಾನಕ್ಕೆ ಹಾರುವ ಸೆರಗು. ಆದರೆ ದುಡ್ಡು ಕೊಡುವವರು ಅಪ್ಪಂದಿರು, ಅವರಿಗೆ ಬೇಕಾದದ್ದು ಮೂರು ಗಂಟೆ. ಯಾಕೆಂದರೆ ಮುಯ್ಯಿ. ಯಾರು ಎಷ್ಟು ಬರೆಸಿದರು ಎಂಬುದು ನೋಟ್‌ಬುಕ್ಕಿನಲ್ಲಿರುತ್ತದೆ. ಯಾರು ಬಂದರು, ಯಾವ ಮುಖ ಹೊತ್ತು ಬಂದರು, ಕವರ್ ಕೊಟ್ಟರೋ ಬರೀ ಕೈ ಕುಲುಕಿದರೋ ಎಂಬುದಕ್ಕೆ ವಿಡಿಯೋ ಒಂದೇ ದಾಖಲೆ. ನಾಳೆ ಅವರ ಮನೆಯ ಮದುವೆಗೆ ಈ ದಾಖಲೆ ನೋಡಿಯೇ ಮುಯ್ಯಿ ತೀರಿಸಬೇಕು. ನಾನು ಎಡಿಟರ್ ಅಲ್ಲ, ಶಾನುಭೋಗ.

ಕನಕಪುರದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. "ಅಣ್ಣ, ನಮ್ ಕಬ್ಬಾಳು ಮಾವ ಎಲ್ಲೂ ಕಾಣ್ತಿಲ್ವಲ್ಲಣ್ಣ?"

"ಅವ್ರೇ, ಬೀಗರೂಟದಲ್ಲಿ ಅವ್ರೆ ನೋಡಿ. ಮುದ್ದೆ ಮುರೀತಾವ್ರೆ."

"ಮುದ್ದೆ ತೆಗುದ್ಬುಡಣ್ಣ, ಕವರ್ ಕೊಟ್ಟಿದ್ದು ಆಕು."

ಹುಡುಕಿದೆ. ಮಾವ ಕವರ್ ಕೊಟ್ಟ ದೃಶ್ಯ ಎಲ್ಲೂ ಇರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಮೌನ. "ಹಂಗಾರೆ ಮುದ್ದೇನೇ ಇರ್ಲಿ ಬುಡಣ್ಣ. ಒಸಿ ಸ್ಲೋಮೋಷನ್ ಮಾಡು."

ಟೈಟಲ್ ಕಾರ್ಡಿನದು ಬೇರೆಯೇ ರಗಳೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಹೆಣ್ಣಿನ ಕಡೆಯವರು ಹಳೇ ಹೆಸರೇ ಇರಲಿ ಎನ್ನುತ್ತಾರೆ; ಗಂಡಿನ ಕಡೆಯವರಿಗೆ ಹೊಸದೇ ಆಗಬೇಕು, ಸೈಟಿನ ರೇಟಿಗೆ ಅದು ಒಳ್ಳೆಯದಂತೆ.

ಕತ್ತರಿಗೆ ಬೆಲೆ ಕೊಟ್ಟ ಉದಾಹರಣೆ ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. ರಮೇಶ್ ಸಿಪ್ಪಿ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' 1975ರ ಆಗಸ್ಟ್ 15ಕ್ಕೆ ತೆರೆ ಕಂಡಿತು. ಫಿಲ್ಮ್‌ಫೇರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಪ್ರಶಸ್ತಿ, ಅದೂ ಸಂಕಲನಕ್ಕೆ. ಗಬ್ಬರ್ ಸಿಂಗನಿಗೂ ಒಲಿಯದ್ದು ಎಂ. ಎಸ್. ಶಿಂಧೆಯವರಿಗೆ ಒಲಿಯಿತು. ಅಂಥ ಸಿನಿಮಾಕ್ಕೂ ಕೊನೆಗಳಿಗೆಯ ತಿದ್ದುಪಡಿ ತಪ್ಪಲಿಲ್ಲ. ಠಾಕೂರ್ ತನ್ನ ಕಾಲಿನಿಂದಲೇ ಗಬ್ಬರನನ್ನು ಕೊಲ್ಲುವ ಅಂತ್ಯವನ್ನು ಸೆನ್ಸಾರ್ ಒಪ್ಪದೆ, ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತೆ ಮತ್ತೆ ಚಿತ್ರಿಸಬೇಕಾಯಿತು. ಪ್ರತಿ ಮದುವೆಯಲ್ಲೂ ಆ ಸೆನ್ಸಾರ್ ಮಂಡಳಿ ಸೋದರಮಾವನ ರೂಪದಲ್ಲಿ ಇದ್ದೇ ಇರುತ್ತದೆ. ಇನ್ನು ರಾಮನಗರದ ಹಳಬರಲ್ಲಿ ಕೆಲವರ ಪಾಲಿಗೆ ಶಿಂಧೆಯವರ ಪ್ರಶಸ್ತಿ ಲೆಕ್ಕಕ್ಕೇ ಇಲ್ಲ. "ನಾನೂ ಆ ಗುಂಪಲ್ಲಿ ನಿಂತಿದ್ದೆ ಕನಪ್ಪ, ಎಡಿಟಿಂಗಲ್ಲಿ ಹೊಂಟೋದೆ" ಎನ್ನುವಾಗ ಅವರ ದನಿಯಲ್ಲಿ ಅರ್ಧ ಶತಮಾನದ ಸಿಟ್ಟು ಹಾಗೇ ಇರುತ್ತದೆ.

ಕೆಲಸ ಮುಗಿದ ಮೇಲೆ ಬಾಕಿ ವಸೂಲಿ. ಇದಕ್ಕೆ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ, ರೇಷ್ಮೆ ಹುಳ ನೋಡಬೇಕು. "ಹುಳ ಈಗ ನಾಲ್ಕನೇ ಜ್ವರ ಎದ್ದವೆ ಕಣಣ್ಣ" ಎಂದರೆ ಇನ್ನೂ ವಾರ ಸೊಪ್ಪು ತಿನ್ನಬೇಕು, ಹಣ್ಣಾಗಬೇಕು, ಚಂದ್ರಂಕಿ ಹತ್ತಬೇಕು, ಗೂಡು ಕಟ್ಟಬೇಕು, ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯಬೇಕು, ಹರಾಜಿನಲ್ಲಿ ರೇಟು ನಿಲ್ಲಬೇಕು. ಅಲ್ಲಿಯವರೆಗೆ ಮದುವೆ ವಿಡಿಯೋ ಪೆನ್‌ಡ್ರೈವಿನಲ್ಲಿ ನನ್ನ ಹತ್ತಿರ, ದುಡ್ಡು ಹುಳದ ಹೊಟ್ಟೆಯಲ್ಲಿ. ನನ್ನದು ಅಂತ ಒಂದು ಹಿಪ್ಪುನೇರಳೆ ಗಿಡವಿಲ್ಲ. ಆದರೂ ಬೆಳಗ್ಗೆ ಎದ್ದು ಮೊದಲು ನೋಡುವುದು ಗೂಡಿನ ಧಾರಣೆ. ರೇಷ್ಮೆ ಇಲ್ಲದವರದು ಮಾವು ಇಳಿಸಿದ ಮೇಲೆ.

ಬಾಯಿಬಿಟ್ಟು "ಕತ್ತರಿಸು" ಎನ್ನುವ ಗಿರಾಕಿಗಳು ಒಬ್ಬರೇ, ರಾಜಕೀಯದವರು. 2024ರಲ್ಲಿ ಚನ್ನಪಟ್ಟಣಕ್ಕೆ ಉಪಚುನಾವಣೆ ಬಂದಾಗ ಒಬ್ಬ ಮರಿ ಮುಖಂಡರು ತಮ್ಮ ಹುಟ್ಟುಹಬ್ಬದ ವಿಡಿಯೋ ಹಿಡಿದು ಬಂದರು. ಕೇಕ್ ಕತ್ತರಿಸುವಾಗ ಪಕ್ಕದಲ್ಲಿ ನಿಂತಿದ್ದವರು ಈಗ ಎದುರು ಪಕ್ಷ, ಅವರು ಕಾಣಬಾರದು. ತೆಗೆದೆ. ಕೇಕ್ ತಿನ್ನಿಸುವ ಒಂದು ಕೈ ಮಾತ್ರ ಎಲ್ಲಿಂದಲೋ ಬಂದು ಹೋಗುತ್ತಿತ್ತು. ಅದನ್ನು ಅಭಿಮಾನಿಯ ಕೈ ಎಂದುಕೊಂಡರಾಯಿತು ಎಂದರು. ಫಲಿತಾಂಶ ಬಂದು ನಾಲ್ಕು ದಿನಕ್ಕೆ ಮತ್ತೆ ಹಾಜರ್. "ಗುರುವೇ, ಅವತ್ತು ತೆಗುದ್ಯಲ್ಲ, ಅವ್ರು ಇನ್ನೂ ನಿನ್ ಹತ್ರ ಅವ್ರಾ?" ಹಾರ್ಡ್‌ಡಿಸ್ಕಿನಲ್ಲಿ ಭದ್ರವಾಗಿದ್ದರು. ಕೈಗೆ ಮೈ ಬಂತು, ಮೈಗೆ ಮುಖ ಬಂತು, ಜೊತೆಗೆ ಒಂದು ಹಾರವನ್ನೂ ಹಾಕಿಸಿಕೊಂಡು ಹೋದರು.

ಈಗ ಅಂಗಡಿಯಲ್ಲಿ ಬುಗುರಿ, ಗಿಲಕಿಗಳ ದರದ ಕೆಳಗೆ ಇನ್ನೊಂದು ದರಪಟ್ಟಿ ತೂಗುಹಾಕಿದ್ದೇನೆ. ನೆಂಟರನ್ನು ಸೇರಿಸುವುದು ಉಚಿತ. ನೆಂಟರನ್ನು ತೆಗೆಯಬೇಕಾದರೆ ಎರಡೂ ಕಡೆಯ ಹಿರಿಯರು ಬಂದು ಹೇಳಬೇಕು. ತೆಗೆದವರನ್ನು ವಾಪಸ್ ಹಾಕುವುದಕ್ಕೆ ಡಬಲ್ ರೇಟು. ಪಕ್ಷದವರಾದರೆ ತೆಗೆಯುವಾಗಲೇ ಎರಡೂ ಸೇರಿಸಿ ಮುಂಗಡ.