ಬ್ಯಾಕಪ್ ರಾಯರು

ಹಾಸನದ ಯಾವ ಬಡಾವಣೆಗೆ ಹೋದರೂ ಒಬ್ಬ ಬ್ಯಾಕಪ್ ರಾಯರು ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಸಂಜೆ ಡೇ ಎಂಡ್ ಮುಗಿಸಿ, ಬ್ಯಾಕಪ್ ತೆಗೆದು, ಇನ್ನೊಂದು ಶಾಖೆಗೆ ಒಂದು ಪ್ರತಿ ಕಳಿಸಿದ ಮೇಲೇ ಮನೆಗೆ ಹೊರಡುತ್ತಿದ್ದ ಕಾಲದವರು. ಶಾಖೆ ಬಿಟ್ಟರೂ ಚಟ ಬಿಡಲಿಲ್ಲ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನವೆಂದು ಯಾರೋ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ; ಇಯರ್ ಎಂಡ್ ದಿನ ಮತ್ತಿನ್ನೇನು ಇದ್ದೀತು?

ಕಾಯುವ ಆಸ್ತಿಯೇನು ಕಡಿಮೆಯೆ? ಪಹಣಿ, ಮ್ಯುಟೇಶನ್ನುಗಳ ಸ್ಕ್ಯಾನು, ಮಗಳ ಮದುವೆ ಫೋಟೊ, 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ ತೆಗೆದ ವಿಡಿಯೊ. ಅದರಲ್ಲಿ ಗೊಮ್ಮಟನಿಗಿಂತ ಮುಂದೆ ನಿಂತವರ ತಲೆಗಳೇ ದೊಡ್ಡವು.

ಕಾಫಿಗೆ ಬಂದವರಿಗೆ ಪಾಠ ತಪ್ಪದು. "ದಿನಾ ಎಲ್ಲಾನೂ ಕಾಪಿ ಮಾಡೋದು ದಡ್ಡತನ ಕಣ್ರೀ. ಮೊದಲು ಒಂದು ಫುಲ್. ಆಮೇಲೆ ಇನ್‌ಕ್ರಿಮೆಂಟಲ್. ಹಿಂದಿನ ಬ್ಯಾಕಪ್ ಆದಮೇಲೆ ಬದಲಾಗಿದ್ದಷ್ಟೇ. ಜಾಗಾನೂ ಉಳೀತು, ಟೈಮೂ ಉಳೀತು." ಉಳಿದ ಟೈಮಿನಲ್ಲಿ ಇದನ್ನೇ ಇನ್ನೊಬ್ಬರಿಗೆ ಹೇಳುತ್ತಾರೆ. "ಒಂದು ಫೈಲಾದರೂ ವಾಪಸ್ ತೆಗೆದು ನೋಡಿದೀರಾ?" ಎಂದು ಕೇಳಿದವರಿಗೆ ಎರಡನೇ ಲೋಟ ಕಾಫಿ ಇಲ್ಲ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ ಎಂಬ 3-2-1 ಸೂತ್ರದಲ್ಲಿ ರಾಯರಿಗೆ ಹಿಡಿಸಿದ್ದು 'ಮನೆಯಿಂದಾಚೆ' ಮಾತ್ರ. ಹಾಗಾಗಿ ಇದ್ದ ಒಂದೇ ಬ್ಯಾಕಪ್ಪನ್ನು ಜಿಲ್ಲೆಗೆ ಹಂಚಿದರು. ಫುಲ್ ಹಾಸನದ ಬೀರುವಿನಲ್ಲಿ. ಮೊದಲ ಇನ್‌ಕ್ರಿಮೆಂಟಲ್ ಹೊಳೆನರಸೀಪುರದ ಅಕ್ಕನ ಮನೆಯ ದೇವರ ಗೂಡಿನಲ್ಲಿ. ಶುಕ್ರವಾರ ಅದಕ್ಕೂ ಕುಂಕುಮ. ಎರಡನೆಯದು ಅರಕಲಗೂಡಿನ ತಮ್ಮನ ಮನೆಯ ಟಿವಿ ಪಕ್ಕ. ಮೂರನೆಯದು ಚನ್ನರಾಯಪಟ್ಟಣದ ಬೀಗರ ಬೀರುವಿನಲ್ಲಿ. ಒಳಗೆ ಮದುವೆ ಖರ್ಚಿನ ಲೆಕ್ಕ ಇದೆಯೇನೋ ಎಂದು ಬೀಗರಿಗೆ ಇಂದಿಗೂ ಅನುಮಾನ.

ಕಂಪ್ಯೂಟರ್ ಒಂದು ದಿನ ಕೈಕೊಟ್ಟಿತು. ರಾಯರು ನಗುನಗುತ್ತಲೇ ಕೆಂಪು ಬಸ್ಸು ಹತ್ತಿದರು. ಹೊಳೆನರಸೀಪುರದಲ್ಲಿ ಯುಎಸ್‌ಬಿ ತೂತಿನಿಂದ ಕುಂಕುಮ ಕೆರೆಯಲು ಅಕ್ಕನ ಬಳೆಯಲ್ಲಿದ್ದ ಪಿನ್ನು ಸಾಕಾಯಿತು. ಅರಕಲಗೂಡಿನಲ್ಲಿ ತಮ್ಮನ ಮೊಮ್ಮಗ ಎದುರಾದ: "ಅದರಲ್ಲಿ ಯಾವ ಫೈಲೂ ಓಪನ್ ಆಗ್ತಿರ್ಲಿಲ್ಲ ದೊಡ್ಡತಾತ. ಫಾರ್ಮ್ಯಾಟ್ ಮಾಡಿ ಸಿನಿಮಾ ಹಾಕ್ಕೊಂಡೆ."

ಇನ್‌ಕ್ರಿಮೆಂಟಲ್ಲಿನ ಸರಪಳಿಯಲ್ಲಿ ನಡುವಿನ ಕೊಂಡಿ ಹೋದರೆ ಮುಂದಿನದನ್ನು ನಂಬುವಂತಿಲ್ಲ. ಚನ್ನರಾಯಪಟ್ಟಣದ ಡಿಸ್ಕು ಪರಮ ಕ್ಷೇಮ, ಪ್ರಯೋಜನ ಶೂನ್ಯ.

ರಾಯರೇನೂ ಕುಗ್ಗಿಲ್ಲ. ಕೇಳಿದವರಿಗೆಲ್ಲ ಹೇಳುತ್ತಾರೆ: "ಬ್ಯಾಕಪ್‌ನಲ್ಲಿ ಒಂದು ಲೋಪ ತೋರಿಸಿ ನೋಡೋಣ! ರಿಸ್ಟೋರ್ ಆಗಲಿಲ್ಲ, ಅಷ್ಟೆ."